ಪರಿಚಯ ಯಾರದ್ದು, ಯಾರಿಗೆ?

ಕ್ಯೂಬಾದ ಪಿಯಾನೋ ವಾದಕ ರೂಬೆನ್ ಗೊನ್ಸಾಲೆಸ್ ಅವರ 1997ರ ಆಲ್ಬಂ ಹೆಸರು ನೋಡಿ: ‘ಇಂಟ್ರೊಡ್ಯೂಸಿಂಗ್’. ಪರಿಚಯ ಮಾಡಿಸ್ತಿದ್ದಾರಂತೆ! ಹಿಂದಿನ ವರ್ಷ ಹವಾನಾದ ಎಗ್ರೆಮ್ ಸ್ಟುಡಿಯೋದಲ್ಲಿ ಅದನ್ನು ರೆಕಾರ್ಡ್ ಮಾಡಿದಾಗ ಅಜ್ಜನಿಗೆ 76. 1940ರ ದಶಕದಲ್ಲೇ ಆರ್ಸೆನಿಯೊ ರೊಡ್ರಿಗೆಸ್ ತಂಡದಲ್ಲಿ, ಆಮೇಲೆ ವರ್ಷಗಟ್ಟಲೆ ಚಾ-ಚಾ-ಚಾ ಖ್ಯಾತಿಯ ಎನ್ರಿಕೆ ಹೊರಿನ್ ತಂಡದಲ್ಲಿ ನುಡಿಸಿದವರು. ಹವಾನಾದವರಿಗೆ ಇವರ ಪರಿಚಯ ಬೇಕಿತ್ತಾ?

ಅದೇ ಸ್ಟುಡಿಯೋದ ‘ಬ್ಯೂನಾ ವಿಸ್ಟಾ ಸೋಷಿಯಲ್ ಕ್ಲಬ್’ ಕತೆಯೂ ಇಷ್ಟೇ. ಇವರನ್ನೆಲ್ಲ ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ‘ಹುಡುಕಿ ತೆಗೆದರು’ ಅಂತ ನಾವೂ ಗಿಣಿಪಾಠ ಒಪ್ಪಿಸ್ತೀವಿ. ಆ ಹಿರಿಯರನ್ನು ಒಟ್ಟುಗೂಡಿಸಿದ್ದು ಹವಾನಾದವರೇ ಆದ ಹುವಾನ್ ದೆ ಮಾರ್ಕೋಸ್ ಗೊನ್ಸಾಲೆಸ್. ಆ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಕೂಡರ್ ಜೊತೆಗೂಡಿ ನುಡಿಸಿದ್ದು ತಪ್ಪಲ್ಲ. ಬೆಂಗಳೂರಿನ ನಮ್ಮ ಹೆಡ್‌ಫೋನಿಗೆ ಈ ಪಿಯಾನೋ ತಲುಪಿದ್ದೂ ಆ ದಾರಿಯಲ್ಲೇ. ಆದರೆ ಅಮೆರಿಕ 1962ರಲ್ಲಿ ಕ್ಯೂಬಾ ಮೇಲೆ ವ್ಯಾಪಾರ ದಿಗ್ಬಂಧನ ಹಾಕಿತು. ಬಾಗಿಲು ಹಾಕಿಕೊಂಡವರೇ ಆಚೆಗಿದ್ದವರನ್ನು ‘ಕಳೆದುಹೋಗಿದ್ದರು’ ಅನ್ನೋದು ಯಾವ ನ್ಯಾಯ ಸ್ವಾಮಿ?

ಹಳ್ಳಿಯಿಂದ ಬಂದ ನನಗೆ ಈ ಮಾತು ಚುಚ್ಚುತ್ತೆ. ಗೂಗಲ್ ಮ್ಯಾಪಿನಲ್ಲಿ ಕಾಣಿಸಿಕೊಳ್ಳೋಕೆ ಮೊದಲೂ ನಮ್ಮೂರು ಅಲ್ಲೇ ಇತ್ತು. ಇನ್ಮೇಲೆ ಇಂಥ ಕಲಾವಿದರು ‘ಪತ್ತೆಯಾದರು’ ಅನ್ನಬೇಡಿ. ನಮಗೆ ತಡವಾಗಿ ಕೇಳಿಸಿತು ಅನ್ನಿ.