ಮೇಲೆ ಸಾಕು ದೀದಿ, ಕೆಳಗೆ ಏನೂ ಇಲ್ಲ

ದೆಹಲಿಯ ಸಗಟು ಅಂಗಡಿಗೆ ಹೋಗಿ ಕಂಬಳಿ ಕೇಳಿ ನೋಡಿ. ಅಂಗಡಿಯವನು ಬೆಲೆ ಹೇಳುವ ಮೊದಲು ಒಂದು ಪ್ರಶ್ನೆ ಕೇಳುತ್ತಾನೆ: "ಮನೆಗೋ, ದಾನಕ್ಕೋ?" ದಾನದ ಕಂಬಳಿಯೇ ಬೇರೆ. ಬೂದು ಬಣ್ಣ, ಒರಟು ಮೈ, ಬೆಳಕಿಗೆ ಹಿಡಿದರೆ ಆಚೆ ಕಡೆಯ ಮನುಷ್ಯ ಮಸುಕಾಗಿ ಕಾಣುವಷ್ಟು ತೆಳು. ಇದರ ಊರು ಪಾಣಿಪತ್. ಹೊರದೇಶಗಳಿಂದ ಬರುವ ಹಳೆಯ ಸ್ವೆಟರ್, ಕೋಟುಗಳನ್ನು ಅಲ್ಲಿ ಬಣ್ಣವಾರು ಬೇರ್ಪಡಿಸಿ, ಹರಿದು, ಮತ್ತೆ ನೂಲಾಗಿಸಿ ಕಂಬಳಿ ನೇಯುತ್ತಾರೆ. ಭೂಕಂಪವಾಗಲಿ ಯುದ್ಧವಾಗಲಿ, ಜಗತ್ತಿನ ಎಷ್ಟೋ ನಿರಾಶ್ರಿತರ ಶಿಬಿರಗಳಿಗೆ ಹೋಗುವುದು ಅಲ್ಲಿನದೇ ಮಾಲು. ನಾವೂ 2023ರ ಡಿಸೆಂಬರಿನಲ್ಲಿ "ದಾನಕ್ಕೆ" ಅಂದೆವು, ನಲವತ್ತು ಕೊಂಡೆವು.

ನಾವು ಅಂದರೆ ಮಯೂರ ವಿಹಾರದ ಸುತ್ತಮುತ್ತ ಇರುವ ಏಳೆಂಟು ಕನ್ನಡದ ಮನೆಗಳು. ಆ ವರ್ಷ ಜುಲೈ 13ರಂದು ಯಮುನೆ 208.66 ಮೀಟರ್ ಮುಟ್ಟಿ 1978ರ ದಾಖಲೆಯನ್ನು ಮುರಿದಿದ್ದಳು. ನದಿಯ ಖಾದರಿನಲ್ಲಿ, ಅಂದರೆ ನೆರೆ ಬಯಲಿನಲ್ಲಿ, ಮೂಲಂಗಿ, ಪಾಲಕ್, ಹೂಕೋಸು ಬೆಳೆದು ನಮಗೇ ಮಾರುತ್ತಿದ್ದ ಕುಟುಂಬಗಳು ಆಗ ಫ್ಲೈಓವರಿನ ಕೆಳಗೂ ರಸ್ತೆ ಬದಿಯ ಡೇರೆಗಳಲ್ಲೂ ಇದ್ದದ್ದನ್ನು ನಾವೆಲ್ಲ ಕಾರಿನ ಕಿಟಕಿಯಿಂದ ನೋಡಿದ್ದೆವು. ಬದಾಯೂಂ ಕಡೆಯವರು, ಬಿಹಾರದವರು. ನೀರು ಇಳಿದ ಮೇಲೆ ಕೆಲವರು ಹಳೆಯ ಜಾಗಕ್ಕೇ ಮರಳಿ ಬಿದಿರು ನೆಟ್ಟು ತಾಡಪತ್ರಿ ಕಟ್ಟಿಕೊಂಡಿದ್ದರು. ಅವರನ್ನು ಅಲ್ಲಿಂದ ಎಬ್ಬಿಸುವ ಕೆಲಸ ನೆರೆಗೆ ಮೊದಲೂ ನಡೆದಿತ್ತು, ಆಮೇಲೂ ನಡೆಯಿತು. ನದಿಗೆ ಅದರ ಜಾಗ ಬಿಟ್ಟುಕೊಡಬೇಕೆಂಬ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಅದು ಇನ್ನೊಂದು ವಾರದ ಅಂಕಣ.

ಹೊಸ ವರ್ಷದ ಗದ್ದಲ ಮುಗಿಯಲಿ ಎಂದು ಕಾದು, ಜನವರಿಯ ಮೊದಲ ಭಾನುವಾರ ಹೋದೆವು. ಮಂಜು ಎಷ್ಟಿತ್ತೆಂದರೆ ಹತ್ತು ಗಂಟೆಗೂ ಮೆಟ್ರೋ ಸೇತುವೆ ಕಾಣಿಸದು. ಕಂಬಳಿ ಹಂಚಿದೆವು, ಫೋಟೋ ತೆಗೆದುಕೊಂಡೆವು (ಹೌದು, ತೆಗೆದುಕೊಂಡೆವು). ಕೊನೆಯ ಗುಡಿಸಿನಲ್ಲಿ ಒಬ್ಬಳು ಬಾಣಂತಿ. ಮಗುವಿಗೆ ಹದಿನೆಂಟು ದಿನ. ನಮ್ಮ ಕಡೆ ಬಾಣಂತಿಯೆಂದರೆ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಕೆಳಗೆ ಕೆಂಡ, ಸಾಂಬ್ರಾಣಿ ಹೊಗೆ. ಹದಿನೈದು ಡಿಗ್ರಿಯ ಚಳಿಗೇ ಅಷ್ಟು ಮಾಡುವವರು ನಾವು! ಇಲ್ಲಿ ಆ ದಿನಗಳಲ್ಲಿ ರಾತ್ರಿ ಐದಾರು ಡಿಗ್ರಿ. ನಾನು ಕಂಬಳಿ ಚಾಚಿದೆ. ಅವಳು ಮೂಲೆ ತೋರಿಸಿದಳು. ಅಲ್ಲಿ ಇಂಥವೇ ಮೂರು ಬೂದು ಕಂಬಳಿ ಮಡಿಸಿಟ್ಟಿದ್ದವು. ನಮಗಿಂತ ಮೊದಲೇ ಯಾರ್ಯಾರೋ ಬಂದು ಹೋಗಿದ್ದರು.

"ಮೇಲೆ ಸಾಕು ದೀದಿ," ಅಂದಳು. "ಕೆಳಗೆ ಏನೂ ಇಲ್ಲ."

ಕೂತು ನೋಡಿದ ಮೇಲೆ ಅರ್ಥವಾಯಿತು. ನೆರೆ ಬಯಲಿನ ನೆಲ ಚಳಿಗಾಲದುದ್ದಕ್ಕೂ ತೇವವಾಗಿಯೇ ಇರುತ್ತದೆ. ಮೈಯ ಶಾಖವನ್ನು ಅದು ಕೆಳಗಿನಿಂದ ಹೀರುತ್ತಲೇ ಇರುತ್ತದೆ. ತೆಳು ಕಂಬಳಿಯನ್ನೇ ಕೆಳಗೆ ಹಾಸಿದರೆ ಮೈ ಭಾರಕ್ಕೆ ಅದು ಅಮುಕಿ ಬಟ್ಟೆಯ ಚೂರಾಗುತ್ತದೆ, ಬೆಳಗಾಗುವಷ್ಟರಲ್ಲಿ ಒದ್ದೆ. ಮೇಲಿನ ತಾಡಪತ್ರಿಯ ಒಳಮೈಯಲ್ಲಿ ಉಸಿರೇ ಹನಿಗಟ್ಟಿ ನಸುಕಿನಲ್ಲಿ ತೊಟ್ಟಿಕ್ಕುತ್ತದೆ. ಬೆಂಕಿ ಕಾಯಿಸೋಣವೆಂದರೆ, ಒಳಗೆ ಅಂಗೀಠಿ ಇಟ್ಟು ಮಲಗಿದವರು ಹೊಗೆಯ ವಿಷಕ್ಕೆ ಏಳದೇ ಹೋದ ಸುದ್ದಿ ಈ ಊರಿನ ಪತ್ರಿಕೆಗಳಲ್ಲಿ ಪ್ರತಿ ಚಳಿಗಾಲವೂ ಇರುತ್ತದೆ. ಹೊರಗೆ ಹಚ್ಚಿದರೆ ಮಾಲಿನ್ಯದ ನಿಯಮ. ನಮ್ಮ ಗೇಟಿನ ಕಾವಲುಗಾರರಿಗೆ ಸೊಸೈಟಿಗಳು ವಿದ್ಯುತ್ ಹೀಟರ್ ಕೊಡಬೇಕೆಂದು ಆ ನಿಯಮವೇ ಹೇಳುತ್ತದೆ. ಕರೆಂಟೇ ಇಲ್ಲದವರ ಬಗ್ಗೆ ಏನು ಹೇಳುವುದು?

"ರೈನ್ ಬಸೇರಾಕ್ಕೆ ಯಾಕೆ ಹೋಗುವುದಿಲ್ಲ?" ಎಂದು ನಮ್ಮಲ್ಲೊಬ್ಬರು ಕೇಳಿದರು. ನಾನೂ ಕೇಳುವವಳಿದ್ದೆ. ದೆಹಲಿಯ ರಾತ್ರಿ ಆಶ್ರಯಗಳ ಹಿಂದೆ ದೊಡ್ಡ ಹೋರಾಟವಿದೆ. 2009ರ ಡಿಸೆಂಬರಿನಲ್ಲಿ ಪೂಸಾ ರಸ್ತೆಯ ತಾತ್ಕಾಲಿಕ ಆಶ್ರಯವೊಂದನ್ನು ನಡುಚಳಿಯಲ್ಲಿ ಕೆಡವಿದಾಗ ದೆಹಲಿ ಹೈಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು, ಸುಪ್ರೀಂ ಕೋರ್ಟೂ ಆದೇಶ ಕೊಟ್ಟಿತು. ಇಂದು ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಸರಕಾರದ ಚಳಿಗಾಲದ ಯೋಜನೆಯೇ ಇದೆ, ಹೆಚ್ಚುವರಿ ಡೇರೆಗಳು ಏಳುತ್ತವೆ. ಒಂಟಿ ಕೂಲಿಕಾರನಿಗೆ ಅದು ನಿಜವಾಗಿಯೂ ಜೀವ ಉಳಿಸುತ್ತದೆ. ಆದರೆ ಕುಟುಂಬಗಳಿಗೆಂದು ಇರುವವು ಕಡಿಮೆ. ಉಳಿದೆಡೆ ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಒಂದು ಕಡೆ. ಕೋಳಿ, ತಳ್ಳುಗಾಡಿ, ಬಿತ್ತನೆ ಬೀಜದ ಚೀಲ, ಒಲೆ, ಇವಕ್ಕೆ ಜಾಗವಿಲ್ಲ. ಎರಡು ಸಲ ಮನೆ ಕಳೆದುಕೊಂಡವರು ಮೂರನೆಯದನ್ನು ರಾತ್ರಿ ಒಂಟಿಯಾಗಿ ಬಿಟ್ಟು ಹೋಗಲು ಒಪ್ಪುವುದಿಲ್ಲ. ಸಾಮಾನು ಕಾಯುವುದೇ ಅವರಿಗೆ ಮನೆ ಕಾಯುವುದು.

ಹಾಗಾದರೆ ಏನು ಬೇಕು? ಅವಳು ಕೇಳಿದ್ದು "ಪುವಾಲ್". ಭತ್ತದ ಹುಲ್ಲು! ಅವಳ ಊರಿನಲ್ಲಿ ಚಳಿಗಾಲಕ್ಕೆ ಮೊಳಕೈ ದಪ್ಪ ಹುಲ್ಲು ಹಾಸಿ ಮೇಲೆ ಬಟ್ಟೆ ಹಾಕಿ ಮಲಗುತ್ತಾರಂತೆ. ಪ್ರತಿ ನವೆಂಬರಿನಲ್ಲಿ ಪಂಜಾಬು, ಹರಿಯಾಣದ ಗದ್ದೆಗಳಲ್ಲಿ ಇದೇ ಹುಲ್ಲಿಗೆ ಬೆಂಕಿಯಿಟ್ಟು, ಆ ಹೊಗೆಯಲ್ಲಿ ನಾವೆಲ್ಲ ಕೆಮ್ಮುತ್ತೇವೆ. ದುಡ್ಡು ಕೊಟ್ಟು ಹುಡುಕಲು ಹೊರಟರೆ ಸಿಗುವುದಿಲ್ಲ. ಕೊನೆಗೆ ಗಾಜಿಪುರದ ಹೈನುಗಾರರ ಬಳಿ ವಿಚಾರಿಸಿ, ಮರು ಭಾನುವಾರ ಎರಡು ಟೆಂಪೋ ಹುಲ್ಲು ತರಿಸಿದೆವು. ಜೊತೆಗೆ ದಪ್ಪ ಪ್ಲಾಸ್ಟಿಕ್ ಹಾಳೆ: ನೆಲಕ್ಕೆ ಹಾಳೆ, ಅದರ ಮೇಲೆ ಹುಲ್ಲು, ಆಮೇಲೆ ಬೂದು ಕಂಬಳಿ. ಒಬ್ಬ ಮುದುಕ ಮಾತ್ರ ತಕರಾರು ತೆಗೆದ. ಬೀಡಿ ಸೇದುವವರಿದ್ದಾರೆ, ಕಿಡಿ ಬಿದ್ದರೆ ಸಾಲಿಡೀ ಹೋಗುತ್ತದೆ ಎಂದ. ಅವನ ಮಾತು ನಿಜ. ಒಲೆಯಿಂದ ದೂರ ಹಾಸುವುದು, ಪ್ರತಿ ಗುಡಿಸಿನ ಬಾಗಿಲಲ್ಲಿ ಎರಡು ಬಕೆಟ್ ಮಣ್ಣು ಎಂದು ಅವರವರೇ ಕೂತು ತೀರ್ಮಾನಿಸಿಕೊಂಡರು.

ನಮ್ಮ ಊರಲ್ಲಿ ಶಿವರಾತ್ರಿಗೆ ಚಳಿ ಶಿವ ಶಿವಾ ಅನ್ನುತ್ತ ಹೋಗುತ್ತದೆ. ಇಲ್ಲಿ ಅದು ಬರುವುದು ದೀಪಾವಳಿಯ ಬೆನ್ನಿಗೆ, ಕಡುವಾಗುವುದು ಡಿಸೆಂಬರಿನ ಕೊನೆಗೆ. ನಾವು ದಾನಿಗಳು ಎದ್ದೇಳುವುದು ಟಿವಿಯಲ್ಲಿ "ಶೀತ ಲಹರ್" ಎಂದ ಮೇಲೆ. ಅಷ್ಟರಲ್ಲಿ ಮೊದಲ ಕೆಮ್ಮು ಎದೆಗಿಳಿದಿರುತ್ತದೆ. ಅದಕ್ಕೇ ಈಗ ನಮ್ಮ ಗುಂಪು ದಸರೆ ಮುಗಿದ ಕೂಡಲೇ ಕೂಡಿಸಲು ಶುರುಮಾಡುತ್ತದೆ. ದೆಹಲಿ, ನೋಯ್ಡಾ, ಗಾಜಿಯಾಬಾದಿನ ಓದುಗರಲ್ಲಿ ಒಂದು ಕೋರಿಕೆ: ಕಂಬಳಿ ಕೊಳ್ಳುವ ಮುನ್ನ ಒಮ್ಮೆ ಬರಿಗೈಯಲ್ಲಿ ಹೋಗಿ ಕೇಳಿ ಬನ್ನಿ. ಮಕ್ಕಳ ಕಾಲುಚೀಲ, ಮಂಕಿ ಕ್ಯಾಪು, ಗಂಡಸರ ಉಣ್ಣೆ ಬಟ್ಟೆ, ದಪ್ಪ ತಾಡಪತ್ರಿ, ಇವು ಯಾವಾಗಲೂ ಕಡಿಮೆ ಬೀಳುತ್ತವೆ. ಜರಿ ಸೀರೆ, ಒಂಟಿ ಗ್ಲೌಸು ದಯವಿಟ್ಟು ಬೇಡ.

ಹುಲ್ಲಿನ ಜೊತೆ ಅವತ್ತು ನಾನು ಅಟ್ಟದ ಮೇಲಿದ್ದ ಒಂದು ಕೌದಿಯನ್ನೂ ಒಯ್ದಿದ್ದೆ. ಬಾಗಲಕೋಟೆಯಲ್ಲಿ ನಮ್ಮತ್ತೆ ಹೊಲಿದದ್ದು. ಹೀಟರಿನ ಮನೆಯಲ್ಲಿ ಅದಕ್ಕೆ ಕೆಲಸವೇ ಇರಲಿಲ್ಲ. ಕೊಡಲು ಮನಸ್ಸು ಪೂರ್ತಿ ಒಪ್ಪಿರಲೂ ಇಲ್ಲ. ಬಾಣಂತಿ ಅದನ್ನು ತಿರುವಿ ಹಾಕಿ, ಹೊಲಿಗೆಯ ಮೇಲೆ ಬೆರಳಾಡಿಸಿ, "ಇದು ನಮ್ಮ ಸುಜನಿ!" ಅಂದಳು. ಬಿಹಾರದಲ್ಲೂ ಹಳೆಯ ಸೀರೆ ಪದರ ಪದರವಾಗಿ ಹೀಗೇ ಹೊಲಿಯುತ್ತಾರಂತೆ. ಒಳಗೆ ಎಷ್ಟು ಸೀರೆ ಇದೆ, ಯಾರ್ಯಾರದು ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ರಾತ್ರಿ ಅತ್ತೆಗೆ ಫೋನ್ ಮಾಡಿದೆ. ಆರು, ಅಂದರು, ಅದರಲ್ಲಿ ಒಂದು ನಿನ್ನ ಗಂಡ ಹುಟ್ಟಿದಾಗ ಉಟ್ಟದ್ದು. ಯಾಕೆ, ತಣ್ಣಗಾಯಿತೇನು ಅಲ್ಲಿ?