ಸಿಂಗಲ್ ಯಾರಾದ್ರೂ ಇದ್ದೀರಾ?

ಹೋದ ವಾರ ದಾವಣಗೆರೆಯಿಂದ ಒಬ್ಬ ಓದುಗಳ ಮೆಸೇಜ್ ಬಂತು. "ಅಕ್ಕ, ಗುರುವಾರ ಬೆಂಗಳೂರಲ್ಲಿ ಇಂಟರ್‌ವ್ಯೂ ಇದೆ. ವಾಪಸ್ ಟ್ರೇನು ಶನಿವಾರ ರಾತ್ರಿ. ಮಧ್ಯೆ ಎರಡು ದಿನ ಫ್ರೀ. ಒಬ್ಬಳೇ ಇರ್ತೀನಿ. ಅಮ್ಮ ರೂಮ್ ಬಿಟ್ಟು ಎಲ್ಲೂ ಹೋಗ್ಬೇಡ ಅಂತಿದಾರೆ. ಏನ್ ಮಾಡ್ಲಿ?" ಜೊತೆಗೆ ಒಂದು ಲಿಸ್ಟ್: ನಂದಿ ಬೆಟ್ಟದಲ್ಲಿ ಸೂರ್ಯೋದಯ, ಬನ್ನೇರುಘಟ್ಟ, ಲಾಲ್‌ಬಾಗ್, ಕಬ್ಬನ್ ಪಾರ್ಕ್, ಎಂ.ಜಿ. ರೋಡ್, ವಿ.ವಿ. ಪುರಂ ಫುಡ್ ಸ್ಟ್ರೀಟ್.

ಅಮ್ಮನ ಭಯಕ್ಕಿಂತ ನನಗೆ ಆ ಲಿಸ್ಟ್ ನೋಡೇ ಭಯ ಆಯ್ತು. ನಂದಿ ಬೆಟ್ಟ ಊರಿನ ಒಂದು ತುದಿ, ಬನ್ನೇರುಘಟ್ಟ ಇನ್ನೊಂದು ತುದಿ. ಇದನ್ನ ಎರಡು ದಿನದಲ್ಲಿ ಮಾಡಿದರೆ ನೋಡೋದು ಕ್ಯಾಬ್‌ನ ಹಿಂದಿನ ಸೀಟು ಮತ್ತು ಮುಂದಿನ ಬಸ್ಸಿನ ನಂಬರ್ ಪ್ಲೇಟು. ಗುಂಪಲ್ಲಿ ಬಂದರೆ ಟ್ರಾಫಿಕ್‌ನಲ್ಲೂ ಹರಟೆ ಹೊಡೀಬಹುದು, ಬಾಡಿಗೆ ನಾಲ್ಕು ಭಾಗ ಆಗುತ್ತೆ. ಒಬ್ಬರೇ ಬಂದವರಿಗೆ ಎರಡೂ ಇಲ್ಲ. ಹಾಗಂತ ಎರಡು ದಿನ ರೂಮಲ್ಲಿ ಕೂತು ಮೊಬೈಲ್ ನೋಡೋದೂ ಬೇಡ. ಅವಳಿಗೆ ಬರೆದ ಉತ್ತರವನ್ನೇ ಸ್ವಲ್ಪ ಉದ್ದ ಮಾಡಿ ಇಲ್ಲಿ ಹಾಕ್ತಿದೀನಿ, ಯಾಕಂದ್ರೆ ಈ ಪ್ರಶ್ನೆ ಇನ್ನೂ ಸುಮಾರು ಜನರದ್ದು.

ಶುಕ್ರವಾರ ಪೂರ್ತಿ ಮಲ್ಲೇಶ್ವರಂ. ಶನಿವಾರ ಬಸವನಗುಡಿ ಕಡೆ. ಈ ಕ್ರಮ ಉಲ್ಟಾ ಮಾಡಬೇಡಿ, ಶುಕ್ರವಾರ ವಿದ್ಯಾರ್ಥಿ ಭವನಕ್ಕೆ ರಜೆ. ಮಧ್ಯೆ ಓಡಾಡೋಕೆ ಮೆಟ್ರೋದ ಹಸಿರು ಲೈನ್. ಕ್ಯಾಬ್ ಆ್ಯಪ್ ಎಮರ್ಜೆನ್ಸಿಗೆ ಇರಲಿ, ಅಷ್ಟೇ.

ಯಾಕೆ ಮಲ್ಲೇಶ್ವರಂ ಅಂದ್ರೆ, ಅದು ನಡೆಯೋರಿಗಾಗಿ ಹುಟ್ಟಿದ ಬಡಾವಣೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟು ಗಲ್ಲಿಗಳಲ್ಲಿ ಜನ ಸತ್ತರು. ಗಾಳಿ ಬೆಳಕು ಬರೋ ಹಾಗೆ, ಅಗಲ ರಸ್ತೆ ಬಿಟ್ಟು ಯೋಜಿಸಿದ್ದ ಮಲ್ಲೇಶ್ವರಂ ಮತ್ತು ಬಸವನಗುಡಿ ಬಡಾವಣೆಗಳು ಹೆಚ್ಚಾಗಿ ಬೆಳೆದದ್ದು ಆಮೇಲೆ. ಮನೆಗಳ ಹಿಂದೆ ಒಂದು ಸಣ್ಣ ಓಣಿ ಇರುತ್ತೆ, ಕನ್ಸರ್ವೆನ್ಸಿ ಲೇನ್ ಅಂತಾರೆ. ಹಿಂದೆ ಮನೆಯ ಹೊಲಸು ಸಾಗಿಸೋಕೆ ಬಿಟ್ಟ ದಾರಿ ಅದು. ಈಗ ಅಲ್ಲಿ ಸ್ಕೂಟರ್ ನಿಂತಿರುತ್ತೆ, ಬೆಕ್ಕು ಮಲಗಿರುತ್ತೆ.

ದಾರಿ ತಪ್ಪೋದು ಕಷ್ಟ. ಸಂಪಿಗೆ ರೋಡ್ ಮತ್ತು ಮಾರ್ಗೋಸಾ ರೋಡ್ ಅಕ್ಕಪಕ್ಕ ಉದ್ದಕ್ಕೆ ಹೋಗ್ತವೆ. ಕ್ರಾಸ್‌ಗಳು ಅವನ್ನ ಅಡ್ಡ ಕತ್ತರಿಸ್ತವೆ, ನಂಬರ್ ಪ್ರಕಾರ. ಎಂಟನೇ ಕ್ರಾಸ್‌ನಲ್ಲಿದ್ದೀರಾ, ಹದಿನೈದಕ್ಕೆ ಹೋಗಬೇಕಾ, ಏಳು ಎಣಿಸಿ. ಕೋಡ್ ಬರೆಯೋರಿಗೆ ಇದಕ್ಕಿಂತ ಒಳ್ಳೇ ಅರೇ ಎಲ್ಲಿ ಸಿಗುತ್ತೆ! ಒಬ್ಬಳೇ ನಡೆಯುವಾಗ ಕೈಯಲ್ಲಿ ಮ್ಯಾಪ್ ಹಿಡಿದು ನಾಲ್ಕು ದಿಕ್ಕು ನೋಡೋ ಹುಡುಗಿ ಹೊಸಬಳು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಇಲ್ಲಿ ಫೋನ್ ಬ್ಯಾಗಲ್ಲೇ ಇರಬಹುದು. ಇದು ಸಣ್ಣ ವಿಷಯ ಅನ್ನಿಸಿದರೆ ನೀವು ಒಬ್ಬರೇ ಯಾವ ಊರಲ್ಲೂ ನಡೆದಿಲ್ಲ ಅಂತ ಅರ್ಥ.

ಮಂತ್ರಿ ಸ್ಕ್ವೇರ್ ಸಂಪಿಗೆ ರೋಡ್ ಸ್ಟೇಷನ್‌ನಲ್ಲಿ ಇಳಿದು ಬೆಳಿಗ್ಗೆ ಎಂಟರೊಳಗೆ ಶುರು ಮಾಡಿ. ಮೊದಲು ತಿಂಡಿ. ಮಾರ್ಗೋಸಾ ರೋಡ್ ಏಳನೇ ಕ್ರಾಸ್‌ನಲ್ಲಿ ಸಿ.ಟಿ.ಆರ್. ಬೋರ್ಡಲ್ಲಿ ಶ್ರೀ ಸಾಗರ್ ಅಂತ ಇದೆ, ಹಾಗೆ ಕರೆಯೋರನ್ನ ನಾನಂತೂ ನೋಡಿಲ್ಲ. ದಾವಣಗೆರೆಯವಳಿಗೆ ಬೆಣ್ಣೆ ದೋಸೆ ಬಗ್ಗೆ ಪಾಠ ಮಾಡೋ ಧೈರ್ಯ ನನಗಿಲ್ಲ. ಆದರೆ ಇದು ಬೇರೆ ಜಾತಿ: ಹೊರಗೆ ಕಂದು ಬಣ್ಣಕ್ಕೆ ಗರಿಗರಿ, ಒಳಗೆ ಮೆತ್ತಗೆ. ಹೋಲಿಸಿ ಜಗಳ ಆಡಬೇಡಿ, ತಿನ್ನಿ.

ಹೊರಗೆ ಜನ ಗುಂಪಾಗಿ ಕಾಯ್ತಿರ್ತಾರೆ. ಹೆದರಬೇಡಿ. ಐದು ನಿಮಿಷಕ್ಕೊಮ್ಮೆ ಒಳಗಿಂದ ಕೂಗು ಬರುತ್ತೆ, "ಸಿಂಗಲ್ ಯಾರಾದ್ರೂ ಇದ್ದೀರಾ?" ಮೂರು ಜನ ಕೂತ ಟೇಬಲ್‌ನಲ್ಲಿ ಒಂದು ಕುರ್ಚಿ ಖಾಲಿ ಇದೆ ಅಂತ ಅರ್ಥ. ನಾಲ್ಕು ಜನರ ಫ್ಯಾಮಿಲಿ ಅರ್ಧ ಗಂಟೆಯಿಂದ ನಿಂತಿರುತ್ತೆ, ನೀವು ಕೈ ಎತ್ತಿ ಸೀದಾ ಒಳಗೆ. ಮದುವೆ ಮನೆಗಳಲ್ಲಿ "ಇನ್ನೂ ಸಿಂಗಲ್ಲಾ?" ಅಂತ ಕೇಳಿಸಿಕೊಂಡು ಸುಸ್ತಾದವರಿಗೆ, ಆ ಪದಕ್ಕೆ ಇಷ್ಟು ಮರ್ಯಾದೆ ಸಿಗೋದು ಹಳೇ ಬೆಂಗಳೂರಿನ ಹೋಟೆಲ್‌ಗಳಲ್ಲಿ ಮಾತ್ರ.

ಇದು ತಮಾಷೆಗೆ ಹೇಳಿದ್ದಲ್ಲ. ಒಬ್ಬರೇ ತಿರುಗೋವಾಗ ದೇವಸ್ಥಾನ, ಪಾರ್ಕು ಯಾವುದೂ ಕಷ್ಟ ಅಲ್ಲ, ಊಟ ಕಷ್ಟ. ದೊಡ್ಡ ರೆಸ್ಟೋರೆಂಟ್‌ನಲ್ಲಿ "ಎಷ್ಟು ಜನ ಮೇಡಂ?" "ಒಬ್ಬಳೇ" ಅಂದ ತಕ್ಷಣ ಬಾತ್‌ರೂಮ್ ಪಕ್ಕದ ಟೇಬಲ್ ತೋರಿಸ್ತಾರೆ. ಎಷ್ಟೋ ಹುಡುಗಿಯರು ಅದಕ್ಕೆ ಹೆದರಿ ರೂಮಿಗೇ ಪಾರ್ಸೆಲ್ ತರಿಸ್ತಾರೆ. ಇಲ್ಲಿ ಟೇಬಲ್ ಯಾರದ್ದೂ ಅಲ್ಲ. ಎದುರಿಗೆ ವಾಕಿಂಗ್ ಮುಗಿಸಿ ಬಂದ ಅಜ್ಜ ಅಜ್ಜಿ ಕೂತಿರ್ತಾರೆ. "ಯಾವ ಊರಮ್ಮ?" ಅಂತ ಕೇಳ್ತಾರೆ. ಹೇಳಬೇಕು ಅನ್ನಿಸಿದರೆ ಹೇಳಿ, ಇಲ್ಲಾಂದ್ರೆ ಚಟ್ನಿ ಕಡೆ ನೋಡಿ. ಅಷ್ಟರಲ್ಲಿ ಅವರ ಕಾಫಿ ಬಂದಿರುತ್ತೆ, ನಿಮ್ಮನ್ನ ಮರೆತಿರ್ತಾರೆ.

ಹದಿನೈದನೇ ಕ್ರಾಸ್ ಹತ್ತಿರ ವೀಣಾ ಸ್ಟೋರ್ಸ್‌ನಲ್ಲಂತೂ ಟೇಬಲ್ಲೇ ಇಲ್ಲ. ಇಡ್ಲಿ ತಟ್ಟೆ ಹಿಡಿದು ಫುಟ್‌ಪಾತ್‌ನಲ್ಲಿ ನಿಲ್ಲಬೇಕು. ಕಾರಲ್ಲಿ ಬಂದವರೂ ಅಲ್ಲೇ, ಆಟೋದವರೂ ಅಲ್ಲೇ. ನಿಂತು ತಿನ್ನೋ ಜಾಗದಲ್ಲಿ ಯಾರು ಒಂಟಿ, ಯಾರು ಜೋಡಿ ಗೊತ್ತೇ ಆಗಲ್ಲ.

ತಿಂಡಿ ಆದಮೇಲೆ, ಬಾಗಿಲು ಹಾಕೋ ಮುಂಚೆ, ಕಾಡು ಮಲ್ಲೇಶ್ವರ ದೇವಸ್ಥಾನ. ಬಡಾವಣೆಗೆ ಹೆಸರು ಬಂದದ್ದು ಇಲ್ಲಿಂದ. 17ನೇ ಶತಮಾನದಲ್ಲಿ ಶಿವಾಜಿಯ ಮಲಸಹೋದರ ವೆಂಕೋಜಿ ಕಟ್ಟಿಸಿದ್ದು, ಆಗ ಇಲ್ಲಿ ನಿಜವಾಗಿ ಕಾಡಿತ್ತು. ಎದುರುಗಡೆ ನಂದಿ ತೀರ್ಥ ತಪ್ಪಿಸಬೇಡಿ. ಖಾಲಿ ಸೈಟ್ ಅಂದುಕೊಂಡಿದ್ದ ಜಾಗವನ್ನ 1997ರಲ್ಲಿ ಅಗೆದಾಗ ಸಿಕ್ಕಿದ ಗುಡಿ ಇದು. ನಂದಿಯ ಬಾಯಿಂದ ನೀರು ಕೆಳಗಿನ ಲಿಂಗದ ಮೇಲೆ ಬಿದ್ದು ಕಲ್ಯಾಣಿಗೆ ಹರಿಯುತ್ತೆ. ಎಷ್ಟು ಹಳೆಯದು ಅನ್ನೋದಕ್ಕೆ ಒಬ್ಬೊಬ್ಬರದ್ದು ಒಂದೊಂದು ಲೆಕ್ಕ, ನಾನು ಆ ಚರ್ಚೆಗೆ ಹೋಗಲ್ಲ. ಕಲ್ಯಾಣಿ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತರೂ ಯಾರೂ ಏಳಿ ಅನ್ನಲ್ಲ. ದುಡ್ಡು ಕೊಡದೆ, ಪ್ರಶ್ನೆ ಕೇಳಿಸಿಕೊಳ್ಳದೆ ಒಂದು ಹುಡುಗಿ ಕೂರಬಹುದಾದ ಜಾಗ ಈ ಊರಲ್ಲಿ ಬೆರಳೆಣಿಕೆ.

ಮಧ್ಯಾಹ್ನ ಸುಮ್ಮನೆ ಅಡ್ಡರಸ್ತೆಗಳಲ್ಲಿ ನಡೀರಿ. ಕಿಟಕಿ ಮೇಲೆ ಮರದ ಪಟ್ಟಿಯ ಚೂಪು ಟೋಪಿ ಹಾಕಿಕೊಂಡ ಹಳೇ ಮನೆಗಳು ಕಾಣುತ್ತವೆ, ಮಂಕಿ ಟಾಪ್ ಅಂತಾರೆ. ಪ್ರತಿ ಸಲ ಹೋದಾಗ ಒಂದೆರಡು ಕಮ್ಮಿ ಆಗಿರುತ್ತೆ, ಆ ಜಾಗದಲ್ಲಿ ಹಸಿರು ಪರದೆ ಕಟ್ಟಿರ್ತಾರೆ. ಮುಂದಿನ ವರ್ಷ ನೋಡೋಣ ಅಂತ ಬಿಡಬೇಡಿ. ಕೆನರಾ ಯೂನಿಯನ್ ಹಾಲ್ ಸಿಕ್ಕಿದರೆ ಒಂದು ಕ್ಷಣ ನಿಲ್ಲಿ. ಮದುವೆ ನಡೆಯೋ ಆ ಹಾಲ್‌ನಲ್ಲೇ ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಕಲಿತದ್ದು. ಮದುವೆ ಇದ್ದ ದಿನ ಆಟ ಇಲ್ಲ. ಅಲ್ಲಿಂದ ಹೋದವರು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಸಂಜೆಗೆ ಸ್ಯಾಂಕಿ ಕೆರೆ, 1882ರಲ್ಲಿ ಕಟ್ಟಿದ್ದು. ವಾಕಿಂಗ್ ಮಾಡೋರು ತುಂಬಾ ಇರೋದ್ರಿಂದ ಭಯ ಇಲ್ಲ.

ಅಮ್ಮನಿಗೆ ಹೇಳಬೇಕಾದ ವಿಷಯಗಳು. ರೂಮ್ ಬುಕ್ ಮಾಡೋ ಮುಂಚೆ ಫೋನ್ ಮಾಡಿ, "ಒಬ್ಬಳೇ ಬರ್ತಿದೀನಿ, ಕೊಡ್ತೀರಾ?" ಅಂತ ಸೀದಾ ಕೇಳಿ. ಆನ್‌ಲೈನ್‌ನಲ್ಲಿ ದುಡ್ಡು ತಗೊಂಡು, ಬಾಗಿಲಲ್ಲಿ "ಜೊತೆಗೆ ಯಾರೂ ಇಲ್ವಾ?" ಅಂತ ವಾಪಸ್ ಕಳಿಸೋ ಲಾಡ್ಜ್‌ಗಳು ಈಗಲೂ ಇವೆ. ಟಾಯ್ಲೆಟ್‌ಗೆ ಮೆಟ್ರೋ ಸ್ಟೇಷನ್, ಇಲ್ಲಾಂದ್ರೆ ಪಕ್ಕದ ಮಾಲ್. ಇದು ಗೊತ್ತಿಲ್ಲದೆ ದಿನವಿಡೀ ನೀರು ಕುಡಿಯದೆ ತಿರುಗೋ ಹುಡುಗಿಯರಿದ್ದಾರೆ. ಆಧಾರ್ ಕಾರ್ಡ್ ಜೊತೆಗಿರಲಿ, ಶಕ್ತಿ ಯೋಜನೆಯಲ್ಲಿ ಬಿ.ಎಂ.ಟಿ.ಸಿ.ಯ ಸಾಮಾನ್ಯ ಬಸ್ ಫ್ರೀ. 2025ರ ಫೆಬ್ರವರಿಯಲ್ಲಿ ದರ ಏರಿಸಿದ ಮೇಲೂ ಮೆಟ್ರೋ ಆಟೋಗಿಂತ ಅಗ್ಗ, ಮೀಟರ್ ಜಗಳವೂ ಇಲ್ಲ.

ಶನಿವಾರದ್ದು ಬೇಗ ಹೇಳಿ ಮುಗಿಸ್ತೀನಿ. ಸಂಪಿಗೆ ರೋಡ್‌ನಿಂದ ನಾಲ್ಕನೇ ಸ್ಟೇಷನ್ ನ್ಯಾಷನಲ್ ಕಾಲೇಜ್. ಅಲ್ಲಿಂದ ಗಾಂಧಿ ಬಜಾರ್‌ಗೆ ನಡೆದು 1943ರ ವಿದ್ಯಾರ್ಥಿ ಭವನ. ಇಲ್ಲೂ ಅದೇ ಕೂಗಿಗೆ ಕಿವಿ ತೆರೆದಿಡಿ, ಶನಿವಾರ ಅದು ಇನ್ನೂ ಜಾಸ್ತಿ ಉಪಯೋಗಕ್ಕೆ ಬರುತ್ತೆ. ಆಮೇಲೆ ದೊಡ್ಡ ಬಸವಣ್ಣ, ಪಕ್ಕದಲ್ಲೇ ಬ್ಯೂಗಲ್ ರಾಕ್. ಬಿಸಿಲೇರಿದ ಮೇಲೆ ಮೆಟ್ರೋದಲ್ಲಿ ಒಂದು ಸ್ಟೇಷನ್ ಹಿಂದಕ್ಕೆ, ಕೆ.ಆರ್. ಮಾರ್ಕೆಟ್. ಮಾರ್ಕೆಟ್ ಗದ್ದಲ ಎಲ್ಲರಿಗೂ ಆಗಲ್ಲ, ಬ್ಯಾಗ್ ಮುಂದಕ್ಕೆ ಹಾಕಿಕೊಂಡು ಹೂವಿನ ಸಾಲು ನೋಡಿ ಹೊರಬನ್ನಿ. ಹತ್ತಿರದಲ್ಲೇ 1791ರಲ್ಲಿ ಮುಗಿದ ಟಿಪ್ಪುವಿನ ಬೇಸಿಗೆ ಅರಮನೆ. ಮರದ ಕಂಬಗಳ ನೆರಳು ತಣ್ಣಗಿದೆ.

ನಾಲ್ಕು ಗಂಟೆಗೆ ಲಾಲ್‌ಬಾಗ್. ಲಿಸ್ಟಿನಲ್ಲಿದ್ದ ಒಂದು ಜಾಗವನ್ನಾದ್ರೂ ಉಳಿಸಬೇಕಲ್ಲ. ಗಾಜಿನ ಮನೆ ಮುಂದೆ ಫೋಟೋ ಆದ ಮೇಲೆ ಬಂಡೆ ಹತ್ತಿ. ಕಾಲಡಿಯ ಕಲ್ಲು ಸುಮಾರು 300 ಕೋಟಿ ವರ್ಷದ್ದು, ಮೇಲೆ ಕೆಂಪೇಗೌಡ ಗೋಪುರ. ಕತ್ತಲಾಗೋ ಮುಂಚೆ ಇಳಿದು ಲಾಲ್‌ಬಾಗ್ ಸ್ಟೇಷನ್‌ಗೆ ಬನ್ನಿ. ಟ್ರೇನು ಹೊರಡೋದು ಮೆಜೆಸ್ಟಿಕ್‌ನಿಂದಲೋ ಯಶವಂತಪುರದಿಂದಲೋ ಅಂತ ಟಿಕೆಟ್ ನೋಡಿಕೊಳ್ಳಿ. ಎರಡೂ ಇದೇ ಹಸಿರು ಲೈನ್‌ನಲ್ಲೇ ಇವೆ.