ಬಾಲ್‌ಪಾರ್ಕ್ ಎಲ್ಲಿದೆ ಗೊತ್ತಾ?

ಮಾತಿನ ಬೇರು, ಭಾಗ 6

ಹೋದ ತಿಂಗಳು ನಮ್ಮ ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ನಡೆದ ಕತೆ ಇದು. ಒಳಗೆ ಹೋದ ನನ್ನ ಗೆಳತಿಗೆ ಕೇಳಿದ್ರು: ಈ ಆ್ಯಪ್ ಮಾಡೋಕೆ ಎಷ್ಟು ದಿನ ಬೇಕು, ಒಂದು "ಬಾಲ್‌ಪಾರ್ಕ್ ಫಿಗರ್" ಕೊಡಿ. ಅವಳಿಗೆ ಬಾಲೂ ಗೊತ್ತು, ಪಾರ್ಕೂ ಗೊತ್ತು. ಎರಡೂ ಸೇರಿದ್ರೆ ಏನು ಅಂತ ಮಾತ್ರ ಗೊತ್ತಿಲ್ಲ. ಸುಮ್ಮನಾದಳು. ಹೊರಗೆ ಬಂದು "ನನ್ನ ಇಂಗ್ಲಿಷೇ ಸರಿ ಇಲ್ಲ ಕಣೇ" ಅಂತ ಅತ್ತುಬಿಟ್ಟಳು.

ಅವರು ಕೇಳಿದ್ದು ಇಷ್ಟೇ: ಅಂದಾಜು ಎಷ್ಟು ದಿನ? ನಮ್ಮ ಫೆಸ್ಟಿಗೆ ಎಷ್ಟು ಕುರ್ಚಿ, ಎಷ್ಟು ಜನಕ್ಕೆ ಊಟ ಅಂತ ಕಣ್ಣಳತೆಯಲ್ಲೇ ಹೇಳಿದ ಹುಡುಗಿ ಅವಳು. ಅವಳಿಗೆ ಅಂದಾಜು ಮಾಡೋಕೆ ಬರುತ್ತೆ, ಇಂಗ್ಲಿಷೂ ಬರುತ್ತೆ. ಬರದೇ ಇದ್ದಿದ್ದು ಬೇಸ್‌ಬಾಲ್!

ಬಾಲ್‌ಪಾರ್ಕ್ ಅಂದ್ರೆ ಅಮೆರಿಕದಲ್ಲಿ ಬೇಸ್‌ಬಾಲ್ ಆಡುವ ಮೈದಾನ. ಹೇಳುವ ಸಂಖ್ಯೆ ಕರಾರುವಾಕ್ಕಾಗಿ ಇರಬೇಕಿಲ್ಲ, ಮೈದಾನದ ಒಳಗೆ ಬಿದ್ರೆ ಸಾಕು ಅನ್ನೋ ಭಾವ. ಇಂಥವು ಇನ್ನೂ ಇವೆ:

⚾ ಕರ್ವ್‌ಬಾಲ್: ಪಿಚರ್ ತಿರುಗಿಸಿ ಎಸೆದ ಚೆಂಡು ಬರ್ತಾ ಬರ್ತಾ ಬಾಗಿ ಕೆಳಗಿಳಿಯುತ್ತೆ. ಹಾಗೆ ಬರುವ ಅನಿರೀಕ್ಷಿತ ಪ್ರಶ್ನೆಗೂ ಇದೇ ಹೆಸರು. ನಾವು "ಗೂಗ್ಲಿ ಹಾಕ್ದ" ಅಂತೀವಲ್ಲ, ಅದೇ.

⚾ ಸ್ಟೆಪ್ ಅಪ್ ಟು ದ ಪ್ಲೇಟ್: ಊಟದ ತಟ್ಟೆ ಅಲ್ಲ! ಬ್ಯಾಟ್ ಬೀಸುವ ಜಾಗದಲ್ಲಿ ನೆಲಕ್ಕೆ ಹಾಕಿರುವ ಐದು ಮೂಲೆಯ ಬಿಳಿ ರಬ್ಬರ್ ತುಂಡು, ಅಗಲ 17 ಇಂಚು. ಅದರ ಪಕ್ಕ ಬಂದು ನಿಂತ್ರೆ, ಜವಾಬ್ದಾರಿಗೆ ಹೆಗಲು ಕೊಟ್ಟ ಹಾಗೆ.

⚾ ರೇನ್ ಚೆಕ್: ಮಳೆ ಬಂದು ಆಟ ನಿಂತ್ರೆ, ಇನ್ನೊಂದು ದಿನ ಬಂದು ನೋಡಿ ಅಂತ ಕೊಡ್ತಿದ್ದ ಚೀಟಿ. 19ನೇ ಶತಮಾನದ ಕೊನೆಯ ಮಾತು. ಈಗ ಅರ್ಥ "ಇವತ್ತು ಆಗಲ್ಲ, ಇನ್ನೊಂದಿನ ಸಿಗೋಣ".

⚾ ಟಚ್ ಬೇಸ್: ಓಡುವವನು ಬೇಸ್ ಮುಟ್ಟದೆ ಮುಂದೆ ಹೋಗುವಂತಿಲ್ಲ. ಆಫೀಸಲ್ಲಿ ಇದು "ಒಮ್ಮೆ ಮಾತಾಡಿಕೊಳ್ಳೋಣ".

ಆಟ ಗೊತ್ತಾದ್ರೆ ಮಾತು ತಾನಾಗೇ ಬಿಚ್ಚಿಕೊಳ್ಳುತ್ತೆ. "ಪಿಂಚ್ ಹಿಟ್ಟರ್" ಕೂಡ ಬೇಸ್‌ಬಾಲ್‌ನದ್ದೇ. ಅಲ್ಲಿ ಅವನು ಇನ್ನೊಬ್ಬರ ಬದಲಿಗೆ ಬ್ಯಾಟ್ ಹಿಡಿಯುವವನು. ಕ್ರಿಕೆಟ್‌ಗೆ ಬಂದ ಮೇಲೆ ಬೇಗ ರನ್ ಬಾರಿಸಲಿ ಅಂತ ಮೊದಲೇ ಕಳಿಸುವ ಆಟಗಾರನಾದ. ಆ ಪದಕ್ಕೆ ನಮ್ಮಲ್ಲಿ ಯಾರೂ ಹೆದರಲ್ಲ. ಯಾಕೆ? ಆಟ ನೋಡಿದ್ದೀವಿ, ಅಷ್ಟೇ.

ಈಗ ಉಲ್ಟಾ ಯೋಚನೆ ಮಾಡಿ. ಕ್ರಿಕೆಟ್ ನೋಡದ ಅಮೆರಿಕದ ಹುಡುಗನಿಗೆ "ಗೂಗ್ಲಿ" ಅಂದ್ರೆ ಅವನೂ ಪಿಳಿಪಿಳಿ ಅಂತಾನೆ. ನಮ್ಮಲ್ಲಿ 2013ರಲ್ಲಿ ಆ ಹೆಸರಿನ ಸಿನಿಮಾನೇ ಬಂದಿತ್ತು! ಹಾಗಂತ ಅವನನ್ನ ದಡ್ಡ ಅಂತೀವಾ?

"ಅಮೆರಿಕದ ಕ್ಲೈಂಟ್ ಜೊತೆ ಕೆಲಸ ಮಾಡ್ಬೇಕು, ಕಲೀಲೇಬೇಕಲ್ವಾ?" ಅಂತ ಕೇಳಬಹುದು. ಖಂಡಿತ ಕಲಿಯೋಣ. ಒಂದು ವಾರದಲ್ಲಿ ಕಲಿಯುವ ವಿಷಯ ಅದು. ಆದ್ರೆ ಒಂದು ವಾರದಲ್ಲಿ ಕಲಿಯಬಹುದಾದ ಮಾತಿನಿಂದ ಒಬ್ಬರ ನಾಲ್ಕು ವರ್ಷದ ಓದನ್ನು ಅಳೆಯೋದು ತಪ್ಪು. ಕೇಳುವವರಿಗೆ ಬೇಕಿರೋದು ಅಂದಾಜಾದ್ರೆ, "ಅಂದಾಜು" ಅಂತಲೇ ಸರಳ ಇಂಗ್ಲಿಷಲ್ಲಿ ಕೇಳಬಹುದು.

ನಮ್ಮ ಕಡೆಯಿಂದಲೂ ಒಂದು ತಪ್ಪಿದೆ: ಗೊತ್ತಿಲ್ಲ ಅನ್ನೋಕೆ ನಾಚಿಕೆ. "ಸರ್, ಅಂದಾಜು ಸಂಖ್ಯೆ ಕೇಳ್ತಿದ್ದೀರಾ?" ಅಂತ ವಾಪಸ್ ಕೇಳಿದ್ರೆ ಮರ್ಯಾದೆ ಏನೂ ಹೋಗಲ್ಲ. ಗೊತ್ತಿರುವ ಸೀನಿಯರ್‌ಗಳೇ, ಜೂನಿಯರ್‌ಗಳ ಮುಂದೆ ಈ ಮಾತು ಬಳಸಿದ್ರೆ ಅರ್ಥಾನೂ ಹೇಳಿ, ನಗಬೇಡಿ.

ಗೆಳತಿಗೆ ಮುಂದಿನ ವಾರ ಇನ್ನೊಂದು ಇಂಟರ್‌ವ್ಯೂ ಇದೆ. ನಿನ್ನೆ ರಾತ್ರಿ ಮೆಸೇಜ್ ಹಾಕಿದ್ಲು: "ಅರ್ಥ ಆಗ್ಲಿಲ್ಲ ಅಂದ್ರೆ ಈ ಸಲ ಕೇಳೇ ಬಿಡ್ತೀನಿ."

ನಿಮ್ಮನ್ನ ಹೀಗೆ ಸುಮ್ಮನಾಗಿಸಿದ ಮಾತು ಯಾವುದು? ಕಾಮೆಂಟಲ್ಲಿ ಬರೀರಿ, ಮುಂದಿನ ಭಾಗದಲ್ಲಿ ಅದರ ಬೇರು ಹುಡುಕೋಣ.

#ಮಾತಿನಬೇರು #ಕನ್ನಡದಲ್ಲಿಕೇಳಿ #ಪ್ಲೇಸ್‌ಮೆಂಟ್‌ಕತೆ